ಒಂದು ಮುದ್ದೆಯ ಲೆಕ್ಕ

ತುಂಬಾ ದಿನ ಆಯ್ತು ಇಲ್ಲಿ ಏನೂ ಬರೆಯದೆ. ವಿಷಯ ಇರಲಿಲ್ಲ ಅಂತಲ್ಲ, ಕೂತು ಟೈಪ್ ಮಾಡೋಕೆ ಸಿಗ್ತಿದ್ದ ಸಂಜೆಯ ಒಂದು ಗಂಟೆ ಕೈಯಿಂದ ಜಾರಿಹೋಗಿತ್ತು. ಆ ಗಂಟೆ ಎಲ್ಲಿಗೆ ಹೋಯ್ತು ಅನ್ನೋದು ಮುಂದೆ ಬರುತ್ತೆ, ಸ್ವಲ್ಪ ತಾಳ್ಮೆಯಿಂದ ಓದಿ.

ನಮ್ಮದು ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರ. ಪೂರ್ತಿ ಹೆಸರು ಚಂದ್ರಶೇಖರಪುರ, ಹಾಗಂತ ಕರೆಯೋರು ಕಮ್ಮಿ. ನಮ್ಮ ಯಜಮಾನರದ್ದು ಮೋಟಾರ್ ರಿವೈಂಡಿಂಗ್ ಅಂಗಡಿ. ಬೋರ್‌ವೆಲ್ ಮೋಟಾರು ಸುಟ್ಟಷ್ಟೂ ನಮಗೆ ಅನ್ನ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಅತ್ತೆ, ಪಿಯುಸಿ ಓದೋ ಮಗಳು, ಎಂಟನೇ ಕ್ಲಾಸಿನ ಮಗ, ಒಟ್ಟು ಐದು ಜನ. ಒಂದೂವರೆ ಎಕರೆ ಅಡಿಕೆ-ತೆಂಗಿನ ತೋಟ, ಒಂದು ಬಿಪಿಎಲ್ ಕಾರ್ಡು. ಮದುವೆಯಾದ ವರ್ಷದಿಂದ ನಾನು ಖರ್ಚಿನ ಪುಸ್ತಕ ಬರೆಯುತ್ತಾ ಬಂದಿದ್ದೇನೆ. ಕೊತ್ತಂಬರಿ ಸೊಪ್ಪಿನ ಐದು ರೂಪಾಯಿಯೂ ಅದರಲ್ಲಿರುತ್ತೆ. ಮನೆಯಲ್ಲಿ ಎಲ್ಲರಿಗೂ ಅದೊಂದು ತಮಾಷೆ.

2024ರ ಜನವರಿಯಲ್ಲಿ ಯಜಮಾನರಿಗೆ ಶುಗರ್ ಇದೆ ಅಂತ ಗೊತ್ತಾಯಿತು. ಖಾಲಿ ಹೊಟ್ಟೆಯಲ್ಲಿ 212, ಮೂರು ತಿಂಗಳ ಸರಾಸರಿ ತೋರಿಸೋ ಆ ಇನ್ನೊಂದು ಪರೀಕ್ಷೆಯಲ್ಲಿ 9.2. ವಯಸ್ಸು ನಲವತ್ತಾರು. ತುಮಕೂರಿನ ಡಾಕ್ಟರ ಮುಂದೆ ಕೂತಾಗ ಇವರು ನಗ್ತಾನೇ ಇದ್ದರು, ನನಗೆ ಮಾತ್ರ ಮಾವನವರ ಕಾಲು ಕಣ್ಣ ಮುಂದೆ ಬರ್ತಿತ್ತು. ಅವರಿಗೂ ಇದೇ ಕಾಯಿಲೆ. 2015ರಲ್ಲಿ ಚಪ್ಪಲಿ ಕಚ್ಚಿ ಆದ ಗಾಯ, ಮೊದಲು ಬೆರಳು, ಆಮೇಲೆ ಪಾದ. ಎರಡು ವರ್ಷ ಮಂಚದ ಮೇಲಿದ್ದು ಹೋದರು. ಆ ಎರಡು ವರ್ಷದ ಪುಸ್ತಕಗಳು ಈಗಲೂ ಬೀರುವಿನಲ್ಲಿವೆ, ನಾನು ತೆಗೆಯೋಲ್ಲ.

ಭಾರತದಲ್ಲಿ ಹತ್ತು ಕೋಟಿಗೂ ಹೆಚ್ಚು ಜನಕ್ಕೆ ಸಕ್ಕರೆ ಕಾಯಿಲೆ ಇದೆ ಅಂತ ಐಸಿಎಂಆರ್‌ನವರ 2023ರ ಅಧ್ಯಯನ ಹೇಳಿತ್ತು. ನಮ್ಮ ಬೀದಿಯಲ್ಲೇ ಎಣಿಸಿದರೆ ನಂಬದೆ ವಿಧಿಯಿಲ್ಲ. ಹಾಗಾಗಿ ಸಲಹೆಗೇನೂ ಬರ ಬರಲಿಲ್ಲ. ಒಬ್ಬರು ಅನ್ನ ಮುಟ್ಟಲೇಬೇಡಿ ಅಂದರು, ಇನ್ನೊಬ್ಬರು ಓಟ್ಸ್ ಅಂದರು, ಮತ್ತೊಬ್ಬರು ಬಾದಾಮಿ ನೆನೆಸಿ ಅಂದರು, ಗಾಣದ ಎಣ್ಣೆ ಅಂದರು. ಎಲ್ಲರೂ ಒಟ್ಟಾಗಿ ಹೇಳಿದ್ದು ಸಿರಿಧಾನ್ಯ. ಮೈಸೂರಿನ ಖಾದರ್ ವಲಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಿತ್ತು, ಅದೇ ವರ್ಷವನ್ನ ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಅಂತ ಆಚರಿಸಿತ್ತು, ಆ ಗಾಳಿ ಇನ್ನೂ ಬೀಸ್ತಾ ಇತ್ತು. ಯಜಮಾನರು ತುಮಕೂರಿಗೆ ಕಾಪರ್ ವೈರ್ ತರಲು ಹೋದವರು ಎರಡು ಚೀಲ ಹೊತ್ತು ಬಂದರು. ನವಣೆ, ಸಾಮೆ, ಆರ್ಕ, ಊದಲು, ಕೊರಲೆ ತಲಾ ಎರಡು ಕೆಜಿ, 1,200 ರೂಪಾಯಿ. ಗಾಣದ ಕಡಲೇಕಾಯಿ ಎಣ್ಣೆ ಮೂರು ಲೀಟರ್, 960. ಬಾದಾಮಿ ಅರ್ಧ ಕೆಜಿ, 450. ಓಟ್ಸ್ 200. ಚಂದದ ಡಬ್ಬದಲ್ಲಿದ್ದ ಶುಗರ್ ಇರೋರ ಹಿಟ್ಟು ಅನ್ನೋದೊಂದು, 390. ಒಟ್ಟು 3,200. ಡಿಸೆಂಬರ್‌ನಲ್ಲಿ ನಮ್ಮ ಇಡೀ ತಿಂಗಳ ಊಟ-ತಿಂಡಿ ಖರ್ಚು, ಹಾಲು, ಮೊಟ್ಟೆ, ಬೇಕರಿ ಎಲ್ಲಾ ಸೇರಿ 8,000. ಫೆಬ್ರವರಿಯ ಪುಟ ಕೂಡಿದಾಗ ಹನ್ನೊಂದು ಸಾವಿರ ದಾಟಿತ್ತು.

ಅತ್ತೆ ಆ ಪೊಟ್ಟಣಗಳನ್ನ ಒಂದೊಂದಾಗಿ ಎತ್ತಿ ನೋಡಿದರು. ಕೊರಲೆ ಪೊಟ್ಟಣದ ಮೇಲಿನ ರೇಟು ಮಗಳ ಹತ್ತಿರ ಓದಿಸಿಕೊಂಡು, "ಇದ್ನ ದನಕ್ಕೆ ಹುಲ್ಲಾಗ್ಲಿ ಅಂತ ಚೆಲ್ತಿದ್ರು ಕಣವ್ವ" ಅಂದರು. ಅಷ್ಟೇ. ಟೀವಿ ಕಡೆ ತಿರುಗಿದರು.

ಅವರ ಮಾತು ತಲೆಯಲ್ಲಿ ಉಳಿದು, ಇವು ಇಷ್ಟು ದುಬಾರಿ ಯಾಕೆ ಅಂತ ವಿಚಾರಿಸಿದೆ. ಕೊರಲೆ ನಮ್ಮದೇ ಜಿಲ್ಲೆಯ ಬಯಲಿನ ಬೆಳೆ, ದೂರದಿಂದ ಬರೋದಲ್ಲ. ಸಮಾಚಾರ ಇರೋದು ಹೊಟ್ಟಿನಲ್ಲಿ. ನವಣೆ, ಸಾಮೆ, ಕೊರಲೆ ಇವಕ್ಕೆಲ್ಲ ಗಟ್ಟಿ ಸಿಪ್ಪೆ ಇದೆ, ಅದನ್ನ ತೆಗೆಯೋ ಮಿಷನ್ನು ಊರೂರಲ್ಲಿ ಇಲ್ಲ. ಕೊಂಡ ಕಾಳಿನಲ್ಲಿ ಸುಮಾರು ಮೂರನೇ ಒಂದು ಭಾಗ ಹೊಟ್ಟಾಗಿ ಹೋಗುತ್ತೆ, ಉಳಿದಿದ್ದರಲ್ಲಿ ಕಲ್ಲು ಆರಿಸಬೇಕು. ಒನಕೆ ಹಿಡಿದು ಕುಟ್ಟುತ್ತಿದ್ದ ಹೆಂಗಸರ ಕಾಲ ಮುಗಿದ ಮೇಲೆ ಆ ಧಾನ್ಯಗಳೂ ಹಿಂದೆ ಸರಿದಿದ್ದರಲ್ಲಿ ಆಶ್ಚರ್ಯವಿಲ್ಲ. ರಾಗಿ ಹಾಗಲ್ಲ. ಕಣದಲ್ಲಿ ಒಕ್ಕಿದಾಗಲೇ ಕಾಳು ಬರಿಮೈಯಲ್ಲಿ ಬರುತ್ತೆ, ನೇರ ಹಿಟ್ಟಿನ ಮಿಷನ್ನಿಗೆ. ಜೊತೆಗೆ ಇಳುವರಿ. ಮಂಡ್ಯದಲ್ಲಿ ಕೆಲಸ ಮಾಡಿದ ವಿಜ್ಞಾನಿ ಲಕ್ಷ್ಮಣಯ್ಯನವರು, ರಾಗಿ ಲಕ್ಷ್ಮಣಯ್ಯ ಅಂತಲೇ ಹೆಸರಾದವರು, ನಮ್ಮ ರಾಗಿಯನ್ನ ಆಫ್ರಿಕಾದ ರಾಗಿಯ ಜೊತೆ ಸೇರಿಸಿ ಇಂಡಾಫ್ ತಳಿಗಳನ್ನ ಕೊಟ್ಟರು. ಅತ್ತೆ ಈಗಲೂ ಒಳ್ಳೆ ರಾಗಿ ಕಂಡರೆ "ಇಂಡಾಪೇನೋ" ಅಂತಾರೆ. ಸಾಮೆ, ಕೊರಲೆಗೆ ಅಂಥ ಒಬ್ಬ ಲಕ್ಷ್ಮಣಯ್ಯ ಸಿಕ್ಕಿದ್ದರೆ ನನ್ನ ಬಿಲ್ಲು ಬೇರೆ ಇರ್ತಿತ್ತೇನೋ.

ಹಾಗಾದ್ರೆ ರಾಗಿ ಇದ್ದೇ ಇದೆಯಲ್ಲ, ಹೊಸ ಖರ್ಚು ಯಾಕೆ ಅಂತ ನೀವು ಕೇಳಬಹುದು. ನಾನೂ ಡಾಕ್ಟರಿಗೆ ಅದನ್ನೇ ಕೇಳಿದೆ. ಅವರು ಹೇಳಿದ್ದು, "ಮುದ್ದೆ ತಿನ್ನಿ, ಆದ್ರೆ ಒಂದೇ. ಅದೂ ಸಣ್ಣದು. ರಾಗಿಯಲ್ಲೂ ಪಿಷ್ಟವೇ ಜಾಸ್ತಿ. ಸಾರು ನೆಕ್ಕೋಕೆ ಮುದ್ದೆ ತಿನ್ನಬೇಕೇ ಹೊರತು ಮುದ್ದೆ ನುಂಗೋಕೆ ಸಾರು ಅಲ್ಲ." ನಮ್ಮ ಕಡೆಯವರಿಗೆ ಇದು ಎಂಥ ಮಾತು ನೋಡಿ! ಎರಡು ಮುದ್ದೆ, ಮೇಲೆ ಒಂದು ತಟ್ಟೆ ಅನ್ನ, ಕೊನೆಗೆ ಮಜ್ಜಿಗೆ ಅನ್ನ, ಇದನ್ನೇ ಊಟ ಅಂತ ಕರೆಯೋ ಮನೆಯಲ್ಲಿ ಹುಟ್ಟಿದ ಮನುಷ್ಯ ಅವರು. ಮನೆಗೆ ಬರೋ ದಾರಿಯುದ್ದಕ್ಕೂ ಮಾತಾಡಲಿಲ್ಲ.

ಅದೇ ವರ್ಷ ಮೇ ತಿಂಗಳಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಭಾರತೀಯರು ಏನು ತಿನ್ನಬೇಕು ಅಂತ ಹೊಸ ಮಾರ್ಗಸೂಚಿ ಹೊರಡಿಸಿದರು. ಒಬ್ಬರಿಗೆ ದಿನಕ್ಕೆ ಅಕ್ಕಿ-ರಾಗಿ-ಗೋಧಿ ಎಲ್ಲಾ ಸೇರಿ ಸುಮಾರು 250 ಗ್ರಾಂ, ಬೇಳೆಕಾಳು ಅಥವಾ ಮೊಟ್ಟೆ-ಮಾಂಸ 85 ಗ್ರಾಂ, ತರಕಾರಿ-ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ, ಹಾಲು-ಮೊಸರು 300 ಮಿಲಿ, ಕಡಲೇಕಾಯಿ-ಬಾದಾಮಿ ಥರದ್ದು 35 ಗ್ರಾಂ, ಎಣ್ಣೆ 27 ಗ್ರಾಂ. ನಾನು ಸುಮ್ಮನಿರ್ತೀನಾ, ಐದು ಜನಕ್ಕೆ ಮೂವತ್ತು ದಿನಕ್ಕೆ ಗುಣಿಸಿದೆ.

ತರಕಾರಿ ತಿಂಗಳಿಗೆ 60 ಕೆಜಿ! ನಾವು ಅದರ ಅರ್ಧವೂ ತರ್ತಿರಲಿಲ್ಲ. ಕಾಳು-ಬೇಳೆಯೇ ಆದರೆ ಹನ್ನೆರಡು ಮುಕ್ಕಾಲು ಕೆಜಿ. ನಾವು ತರ್ತಿದ್ದದ್ದು ಮೂರು. ಹಾಲು ಸರಿಯಾಗಿ ನಮ್ಮದೇ ಲೆಕ್ಕ, ದಿನಕ್ಕೆ ಒಂದೂವರೆ ಲೀಟರ್. ಕಡಲೇಕಾಯಿ ಥರದ್ದು ಐದೂಕಾಲು ಕೆಜಿ, ಅದನ್ನ ಪೂರ್ತಿ ಬಾದಾಮಿಯಲ್ಲೇ ಕೊಟ್ಟರೆ ನಾಲ್ಕು ಸಾವಿರದ ಏಳ್ನೂರು, ಕಡಲೇಬೀಜದಲ್ಲಿ ಕೊಟ್ಟರೆ ಏಳ್ನೂರರ ಒಳಗೆ. (ಆವತ್ತಿಗೆ ನಮ್ಮ ಮನೆಯಲ್ಲಿ ಬಾದಾಮಿಯ ಕಥೆ ಮುಗಿಯಿತು.) ಎಣ್ಣೆ ನಾಲ್ಕು ಕೆಜಿ, ನಾವು ಮನೆಯಲ್ಲಿ ಬಳಸ್ತಿದ್ದದ್ದೂ ಹೆಚ್ಚುಕಮ್ಮಿ ಅಷ್ಟೇ. ಆದರೆ ಬೇಕರಿಯ ಪಫ್ಸು, ಅಂಗಡಿ ಹತ್ತಿರದ ಬೋಂಡ, ಇವುಗಳ ಎಣ್ಣೆ ಪುಸ್ತಕದಲ್ಲಿ ಎಣ್ಣೆ ಅಂತ ಬರೆದಿರಲ್ಲ ನೋಡಿ.

ನನ್ನನ್ನ ನಿಲ್ಲಿಸಿದ್ದು ಇನ್ನೊಂದು ಸಂಖ್ಯೆ. ಧಾನ್ಯ, ಎಲ್ಲಾ ಬಗೆಯದ್ದೂ ಸೇರಿ, ತಿಂಗಳಿಗೆ 37.5 ಕೆಜಿ. ನಮಗೆ ಆಗ ಕಾರ್ಡಿನಲ್ಲಿ ಬರ್ತಿದ್ದದ್ದು ಐದು ಜನಕ್ಕೆ 25 ಕೆಜಿ ಅಕ್ಕಿ, ಉಳಿದ ಐದೈದು ಕೆಜಿ ಬದಲಿಗೆ ತಲಾ 170 ರೂಪಾಯಿ ಅತ್ತೆಯ ಖಾತೆಗೆ. 2025ರಲ್ಲಿ ದುಡ್ಡಿನ ಬದಲು ಅಕ್ಕಿಯನ್ನೇ ಕೊಡೋಕೆ ಶುರುಮಾಡಿದಾಗ ಅದು 50 ಕೆಜಿ ಆಯ್ತು. ಅಂದರೆ ನಾವು ತಿನ್ನಬೇಕಾದ ಎಲ್ಲಾ ಧಾನ್ಯಕ್ಕಿಂತ ಹನ್ನೆರಡೂವರೆ ಕೆಜಿ ಜಾಸ್ತಿ ಬರೀ ಅಕ್ಕಿ, ಅದೂ ಪುಕ್ಕಟೆ.

ತಪ್ಪು ತಿಳೀಬೇಡಿ, ಅನ್ನಭಾಗ್ಯವನ್ನ ಆಡಿಕೊಳ್ಳೋರ ಗುಂಪಿನವಳಲ್ಲ ನಾನು. 2013ರ ಜುಲೈಯಲ್ಲಿ ಅದು ಶುರುವಾದಾಗ ಕೆಜಿಗೆ ಒಂದು ರೂಪಾಯಿ. ಆ ವರ್ಷ ಅಂಗಡಿಗೆ ವ್ಯಾಪಾರವೇ ಇರಲಿಲ್ಲ, ಮಗ ಕೈಗೂಸು. ಆ ಅಕ್ಕಿ ಇಲ್ಲದಿದ್ದರೆ ಏನಾಗ್ತಿತ್ತು ಅಂತ ನನ್ನ ಪುಸ್ತಕಕ್ಕೇ ಗೊತ್ತು. ನಾನು ಹೇಳ್ತಿರೋದು ಲೆಕ್ಕದ ವಿಷಯ. ಅಕ್ಕಿಯ ಬೆಲೆ ಸೊನ್ನೆ. ಆ ಸೊನ್ನೆಯ ಪಕ್ಕದಲ್ಲಿ ನಲವತ್ತೆರಡು ರೂಪಾಯಿಯ ರಾಗಿಯೂ ದುಬಾರಿ, ನೂರು ರೂಪಾಯಿಯ ನವಣೆಯೂ ದುಬಾರಿ, ಹತ್ತು ರೂಪಾಯಿಯ ಒಂದು ಕಟ್ಟು ದಂಟಿನ ಸೊಪ್ಪೂ ದುಬಾರಿ. ಊಟ ಬದಲಾಯಿಸಿದರೆ ಒಂದು ಖರ್ಚನ್ನ ಇನ್ನೊಂದಕ್ಕೆ ತಿರುಗಿಸಬಹುದು ಅಂತ ಪೇಟೆಯವರು ಬರೀತಾರೆ, ದಿನಕ್ಕೆ ಇಷ್ಟು ಅಕ್ಕಿ ಉಳಿಯಿತು, ಆ ದುಡ್ಡಲ್ಲಿ ತರಕಾರಿ ಬಂತು ಅಂತ. ನಮ್ಮಂಥ ಮನೆಯಲ್ಲಿ ಅನ್ನ ಬಿಟ್ಟರೆ ಒಂದು ರೂಪಾಯಿಯೂ ಉಳಿಯಲ್ಲ. ಬಿಟ್ಟ ಪ್ರತಿ ತುತ್ತಿನ ಜಾಗದಲ್ಲಿ ಬರೋದಕ್ಕೆ ಪೂರ್ತಿ ದುಡ್ಡು ಕೊಡಬೇಕು. ಕನಕದಾಸರ ರಾಮಧಾನ್ಯ ಚರಿತ್ರೆಯಲ್ಲಿ ಅಕ್ಕಿಗೂ ರಾಗಿಗೂ ಜಗಳ ಹತ್ತಿ, ಆರು ತಿಂಗಳು ಸೆರೆಯಲ್ಲಿಟ್ಟು ನೋಡಿದಾಗ ರಾಗಿ ಗೆಲ್ಲುತ್ತೆ. ನ್ಯಾಯಬೆಲೆ ಅಂಗಡಿಯ ತಕ್ಕಡಿಯಲ್ಲಿ ಆ ಜಗಳ ಇಟ್ಟಿದ್ದರೆ ತೀರ್ಪು ಬೇರೆ ಬರ್ತಿತ್ತು. (ರೇಷನ್ನಿನಲ್ಲಿ ರಾಗಿಯನ್ನೂ ಸೇರಿಸಿ ಕೊಟ್ಟ ತಿಂಗಳುಗಳೂ ಇವೆ, ಅದನ್ನೂ ಹೇಳಿಬಿಡಬೇಕು.) 2025ರ ಅಕ್ಟೋಬರ್‌ನಲ್ಲಿ ಹೆಚ್ಚುವರಿ ಐದು ಕೆಜಿ ಅಕ್ಕಿ ಬದಲು ತೊಗರಿಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಇರೋ ಕಿಟ್ಟು ಕೊಡೋಣ ಅಂತ ರಾಜ್ಯದ ಸಚಿವ ಸಂಪುಟ ತೀರ್ಮಾನಿಸಿತು. ಸುದ್ದಿ ಓದಿ ಖುಷಿಪಟ್ಟೆ. ಸಕ್ಕರೆ ಯಾಕೆ ಅಂತ ಮಾತ್ರ ಅರ್ಥವಾಗಲಿಲ್ಲ, ಆ ಜಾಗದಲ್ಲಿ ಒಂದು ಸೇರು ಹುರುಳಿಕಾಳು ಇಟ್ಟಿದ್ದರೆ?

ಇನ್ನು ಸೊಪ್ಪಿನ ವಿಷಯ. ಒಂದು ಸಂತೆ ದಿನ ಅಣ್ಣೆಸೊಪ್ಪು ಕಂಡಿತು, ಇಪ್ಪತ್ತು ರೂಪಾಯಿ ಕೊಟ್ಟು ಎರಡು ಹಿಡಿ ತಂದೆ. ಅತ್ತೆ ಚೀಲಕ್ಕೆ ಕೈ ಹಾಕಿ ನೋಡಿ, "ಅಯ್ಯೋ ಶಿವ್ನೆ, ಅಣ್ಣೆಸೊಪ್ಪಿಗೆ ದುಡ್ ಕೊಟ್ಯಾ? ಯಾರಾದ್ರೂ ಕೇಳಿದ್ರೆ ನಗ್ತಾರೆ" ಅಂದರು. ಆಮೇಲೆ ಅವರೇ ಸೋಸುತ್ತಾ ಕೂತು, ನಾನು ಕೇಳದೆಯೇ ಹೇಳುತ್ತಾ ಹೋದರು. ಈ ಮನೆಗೆ ಸೊಸೆಯಾಗಿ ಬಂದಾಗ ಈಗ ಅಡಿಕೆ ಇರೋ ಜಾಗವೆಲ್ಲಾ ರಾಗಿ ಹೊಲ. ರಾಗಿ ನಡುವೆ ಅಕ್ಕಡಿ ಸಾಲು. ಆ ಸಾಲಿನಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ. ಕಳೆ ಕೀಳೋಕೆ ಹೋದ ಹೆಂಗಸರ ಮಡಿಲಲ್ಲಿ ಅಣ್ಣೆ, ಗಣಿಕೆ, ಹೊನಗೊನೆ, ಸಂಜೆಗೆ ಬೆರಕೆ ಸೊಪ್ಪಿನ ಮಸ್ಸೊಪ್ಪು. ಮಾರ್ಗಶಿರ ಬಂದರೆ ಮೂರು ತಿಂಗಳು ಅವರೆಕಾಳು. ಅನ್ನ ಹಬ್ಬಕ್ಕೆ, ಇಲ್ಲಾ ಜ್ವರ ಬಂದವರಿಗೆ. "ಅಂಗ್ಡೀಲಿ ಏನ್ ತರ್ತಿದ್ವಿ? ಉಪ್ಪು, ಸೀಮೆಎಣ್ಣೆ, ಬೆಲ್ಲ" ಅಂದರು.

ನಾನು ಹೊಲಿಗೆ ಮಿಷನ್ ತುಳಿಯೋದು ನಿಲ್ಲಿಸಿ ಕೇಳ್ತಾ ಇದ್ದೆ. ಡಾಕ್ಟರು ಬರೆದುಕೊಟ್ಟಿದ್ದೂ, ಆ ಮಾರ್ಗಸೂಚಿಯಲ್ಲಿ ಇದ್ದದ್ದೂ ಹೆಚ್ಚುಕಮ್ಮಿ ಆ ಹೊಲವೇ. ಧಾನ್ಯ, ಕಾಳು, ಎಣ್ಣೆಬೀಜ, ಸೊಪ್ಪು ಒಂದೇ ಉಳುಮೆಯಲ್ಲಿ ಬರ್ತಿತ್ತು, ಒಟ್ಟಿಗೇ ಬರ್ತಿತ್ತು, ಪುಸ್ತಕದಲ್ಲಿ ಎಲ್ಲೂ ಬರ್ತಿರಲಿಲ್ಲ. ಈಗ ಅದನ್ನೇ ಬಿಡಿಸಿ ಬಿಡಿಸಿ, ಒಂದೊಂದಕ್ಕೂ ಒಂದೊಂದು ರೇಟು ಕಟ್ಟಿ ನಾನು ತರ್ತಿದ್ದೇನೆ. ಪೊಟ್ಟಣ ಕಟ್ಟಿದ್ದಕ್ಕೆ ತೆರಿಗೆ ಬೇರೆ. 2023ರ ಅಕ್ಟೋಬರ್‌ನಲ್ಲಿ ಸಿರಿಧಾನ್ಯ ಹಿಟ್ಟಿನ ತಯಾರಿಗಳ ಜಿಎಸ್‌ಟಿ ಇಳಿಸಿದಾಗಲೂ ಬಿಡಿಯಾಗಿ ಮಾರಿದರೆ ಸೊನ್ನೆ, ಲೇಬಲ್ ಹಚ್ಚಿದರೆ 5% ಅಂತ ಇಟ್ಟರು.

ಹಾಗಂತ ಅಡಿಕೆ ಕಡಿದು ರಾಗಿ ಬಿತ್ತೋಣ ಅನ್ನೋ ಮಾತು ಈ ಮನೆಯಲ್ಲಿ ಯಾರೂ ಆಡಲ್ಲ, ನಾನೂ ಆಡಲ್ಲ. ಮಗಳ ಫೀಸು ಕಟ್ಟಿದ್ದು ಅಡಿಕೆ. ಯಜಮಾನರ ಅಂಗಡಿ ನಡೆಯೋದೂ ಊರವರ ಅಡಿಕೆಗೆ ನೀರೆತ್ತೋ ಮೋಟಾರಿನಿಂದ. ಆದರೆ ಪಂಪ್‌ಸೆಟ್ ಮನೆ ಪಕ್ಕ ಹತ್ತು ಗುಂಟೆ ಬೀಳು ಇತ್ತು. 2024ರ ಮುಂಗಾರಿಗೆ ಅಲ್ಲಿ ಅತ್ತೆ ಹೇಳಿದ ಹಾಗೇ ರಾಗಿ, ಅಕ್ಕಡಿ ಎಲ್ಲಾ ಬಿತ್ತಿಸಿದೆವು. ಉಳುಮೆ, ಗೊಬ್ಬರ, ಕಳೆ ಕೂಲಿ, ಕೊಯ್ಲು, ಒಕ್ಕಣೆ ಸೇರಿ 5,600 ರೂಪಾಯಿ. ರಾಗಿ ಬಂದದ್ದು 140 ಕೆಜಿ. ಅಂದರೆ ಕೆಜಿಗೆ ನಲವತ್ತು. ಅಂಗಡಿಯಲ್ಲಿ ನಲವತ್ತೆರಡು. ಲಾಭ ಎರಡು ರೂಪಾಯಿ! ಆ ವರ್ಷ ಸರ್ಕಾರದ ಬೆಂಬಲ ಬೆಲೆಯೇ ಕ್ವಿಂಟಾಲಿಗೆ 4,290 ಇತ್ತು. ನಾವಿಬ್ಬರೂ ಬಿಸಿಲಲ್ಲಿ ನಿಂತ ದಿನಗಳಿಗೆ ಕೂಲಿ ಹಾಕಿದರೆ ನಷ್ಟವೇ. ಆದರೆ ಅವರೆ, ಅಲಸಂದೆ, ತೊಗರಿ ಸೇರಿ ಹದಿನೆಂಟು ಕೆಜಿ ಕಾಳು ಮೇಲೆ ಬಂತು. ಶ್ರಾವಣದಿಂದ ದೀಪಾವಳಿವರೆಗೆ ವಾರಕ್ಕೆ ಎರಡು ಸಲ ಸೊಪ್ಪು. ಅದನ್ನ ಯಾವ ಪುಟದಲ್ಲಿ ಬರೆಯಬೇಕೋ ಗೊತ್ತಾಗದೆ, ಕೊನೆಗೆ 'ಬಂದದ್ದು' ಅಂತ ಒಂದು ಕಾಲಂ ಹೊಸದಾಗಿ ಎಳೆದೆ.

ಈಗ ನಿಮಗೆ ಬೇಕಾದ ಲೆಕ್ಕ. 2025ರ ಸೆಪ್ಟೆಂಬರ್ ಪುಟದ ಒಟ್ಟು 8,940. ರಾಗಿ ತಿಂಗಳಿಗೆ 15 ಕೆಜಿಯಿಂದ 25ಕ್ಕೆ ಏರಿದೆ, ಅಕ್ಕಿ 35 ಕೆಜಿಯಿಂದ ಹತ್ತಕ್ಕೆ ಇಳಿದಿದೆ. ಸಾಮೆ ಮೂರು ಕೆಜಿ, ಬಿಡಿಯಾಗಿ ತರೋದು. ತರಕಾರಿ-ಸೊಪ್ಪು-ಹಣ್ಣು 1,100 ಇದ್ದದ್ದು 2,200. ಹಣ್ಣು ಅಂದರೆ ಸೀಬೆ, ಪರಂಗಿ, ಸೇಬು ತರಲ್ಲ. ಕಾಳು-ಬೇಳೆ 480ರಿಂದ 900. ತೊಗರಿಬೇಳೆ ಈ ನಡುವೆ ಇಳಿದದ್ದಕ್ಕೆ ಇಷ್ಟರಲ್ಲಿ ನಿಂತಿತು, ಸನ್‌ಫ್ಲವರ್ ಎಣ್ಣೆ ಏರಿತು, ಅದಕ್ಕೆ ಒಂದು ಲೀಟರ್ ಕಮ್ಮಿ ಮಾಡಿದೆ. ಗಾಣದ ಎಣ್ಣೆ ನಿಂತುಹೋಯ್ತು. ಸಕ್ಕರೆ ಐದು ಕೆಜಿ ಇದ್ದದ್ದು ಎರಡು. ಬೇಕರಿ, ಬೋಂಡ, ಹೋಟೆಲು 1,300 ಇದ್ದದ್ದು 300. ಇದೊಂದು ಸಾಲು ಇಲ್ಲದಿದ್ದರೆ ನನ್ನ ಕೈಲಿ ಆಗ್ತಿರಲಿಲ್ಲ, ತರಕಾರಿ ದುಡ್ಡು ಬಂದದ್ದೆಲ್ಲಾ ಅಲ್ಲಿಂದಲೇ. ಒಟ್ಟಿನಲ್ಲಿ ಮೊದಲಿಗಿಂತ 940 ಜಾಸ್ತಿ. ಕೇಂದ್ರ ಸರ್ಕಾರದ 2023-24ರ ಸಮೀಕ್ಷೆ ಪ್ರಕಾರ ಹಳ್ಳಿಯಲ್ಲಿ ಒಬ್ಬರ ತಿಂಗಳ ಖರ್ಚು ಸರಾಸರಿ 4,122 ರೂಪಾಯಿ, ಅದರಲ್ಲಿ ಸುಮಾರು 47% ಊಟ-ತಿಂಡಿಗೆ. ಐದು ಜನಕ್ಕೆ ಒಂಬತ್ತು ಸಾವಿರದ ಆರ್ನೂರು ಚಿಲ್ಲರೆ. ಅದಕ್ಕಿಂತ ಒಳಗೇ ಇದ್ದೇವೆ.

ಯಜಮಾನರ ಮೂರು ತಿಂಗಳ ಸರಾಸರಿ ಈಗ 6.8. ಮಾತ್ರೆ ಬಿಟ್ಟಿಲ್ಲ, ಯಾರೂ ಬಿಡಬೇಡಿ. ಡಾಕ್ಟರು ಒಂದನ್ನ ಕಮ್ಮಿ ಮಾಡಿದ್ದಾರೆ. ದಿನಾ ರಾತ್ರಿ ಪಾದ ತಿರುಗಿಸಿ ನೋಡೋದು ನನ್ನ ಕೆಲಸ, ಅದೂ ಬಿಟ್ಟಿಲ್ಲ.

ಈಗ ಆ ಒಂದು ಗಂಟೆಗೆ ಬರ್ತೇನೆ. ಅನ್ನ-ಬೇಳೆಸಾರಿಗೆ ಕುಕ್ಕರ್ ಎರಡು ಸಲ ಕೂಗಿದರೆ ಅಡುಗೆ ಮುಗೀತಿತ್ತು. ಬಸ್ಸಾರು ಅಂದರೆ ಕಾಳು ನೆನೆಸು, ಸೊಪ್ಪು ಸೋಸು, ಮೂರು ಸಲ ತೊಳಿ, ಬೇಯಿಸು, ಬಸಿ, ಖಾರ ರುಬ್ಬು, ಪಲ್ಯ ಒಗ್ಗರಿಸು, ಆಮೇಲೆ ಮುದ್ದೆ ತಿರುವು. ಐವತ್ತು ದಿನ ಬರ್ತಿದ್ದ ಸಿಲಿಂಡರ್ ನಲವತ್ತು ದಿನಕ್ಕೆ ಖಾಲಿ. ನನ್ನ ಲೆಕ್ಕದಲ್ಲಿ ದಿನಕ್ಕೆ ಒಂದು ಗಂಟೆ ಹೆಚ್ಚು, ತಿಂಗಳಿಗೆ ಮೂವತ್ತು. ಲೈನಿಂಗ್ ಬ್ಲೌಸಿಗೆ ನನಗೆ ಮೂರು ಗಂಟೆ ಬೇಕು, ಕೂಲಿ ಮುನ್ನೂರು. ಹತ್ತು ಬ್ಲೌಸು, ಮೂರು ಸಾವಿರ. 940 ಅಂತ ಬರೆದಿದ್ದ ಜಾಗದಲ್ಲಿ ಇದನ್ನ ಸೇರಿಸಿ ಬರೆದು ಪುಸ್ತಕವನ್ನ ಯಜಮಾನರ ಮುಂದೆ ಇಟ್ಟೆ. ಅಷ್ಟು ಆರ್ಡರ್ ಬರೋದು ಮದುವೆ ಸೀಸನ್ನಿನಲ್ಲಿ ಮಾತ್ರ, ಒಪ್ಪಿದೆ. ಆದರೂ ಇಟ್ಟೆ.

"ಇದೇನೇ ಇದು, ನಂಗೇ ಬಿಲ್ಲಾ?" ಅಂದರು.

"ಸೊಪ್ಪು ಸೋಸಿದ್ರೆ ಅರ್ಧ ಮನ್ನಾ ರೀ" ಅಂದೆ.

ಈಗ ರಾತ್ರಿ ನ್ಯೂಸ್ ನೋಡ್ತಾ ಅವರೂ ಮಗನೂ ಮರದ ತುಂಬ ಸೊಪ್ಪು ಹಾಕ್ಕೊಂಡು ಕೂರ್ತಾರೆ. ಕಡ್ಡಿ ಜಾಸ್ತಿ ಬಿಡ್ತಾರೆ, ಅತ್ತೆ ಮತ್ತೊಂದು ಸಲ ಸೋಸ್ತಾರೆ, ಮೋಟಾರಿನ ಕಾಯಿಲ್ ಸುತ್ತೋ ಕೈಗೆ ಕೀರೆಸೊಪ್ಪು ಎಟುಕಲ್ಲ ಅಂತ ಗೊಣಗ್ತಾರೆ. ಅದರಿಂದ ನನಗೆ ಉಳಿದದ್ದು ದಿನಕ್ಕೆ ಇಪ್ಪತ್ತು ನಿಮಿಷ. ಆ ಇಪ್ಪತ್ತಿಪ್ಪತ್ತು ನಿಮಿಷಗಳಲ್ಲೇ ನಾಲ್ಕೈದು ದಿನ ಕೂತು ಇದನ್ನ ಬರೆದದ್ದು.

ನೆಂಟರು ಬಂದಾಗ ಮಾತ್ರ ಇನ್ನೂ ಸೋಲುತ್ತೇನೆ. ಮುದ್ದೆ-ಉಪ್ಸಾರು ಬಡಿಸಿದರೆ "ಏನಿವ್ರು, ಅನ್ನನೂ ಮಾಡ್ಲಿಲ್ಲ" ಅಂತ ಆಗುತ್ತೆ ಅನ್ನೋದು ಅತ್ತೆಯ ಭಯ. ಅದಕ್ಕೇ ಸೋನಾ ಮಸೂರಿ ಐದು ಕೆಜಿ ಪ್ರತಿ ತಿಂಗಳೂ ಪುಸ್ತಕದಲ್ಲಿದೆ. ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳಿಗೆ ಮುದ್ದೆಯನ್ನೇ ಬಡಿಸ್ತಾರಲ್ಲ ಅತ್ತೆ ಅಂದರೆ, "ಅದು ಮಠ, ಇದು ಮನೆ" ಅಂತಾರೆ. ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ.

ಅಂದಹಾಗೆ, ಆವತ್ತು ತಂದ ಕೊರಲೆಯಲ್ಲಿ ಅರ್ಧ ಕೆಜಿ ಡಬ್ಬದಲ್ಲಿ ಉಳಿದಿದೆ. ಎಷ್ಟು ನೀರು ಇಟ್ಟರೂ ಒಂದೋ ಗಂಜಿ ಆಗುತ್ತೆ, ಇಲ್ಲಾ ಕಚ್ಚಿದರೆ ಕಟಕಟ ಅನ್ನುತ್ತೆ. ಪಾವಗಡ, ಮಧುಗಿರಿ ಕಡೆಯವರು ಯಾರಾದರೂ ಓದ್ತಿದ್ದರೆ ಒಂದು ಲೋಟಕ್ಕೆ ಎಷ್ಟು ನೀರು, ಎಷ್ಟು ಹೊತ್ತು ನೆನೆಸಬೇಕು ಅಂತ ಸ್ವಲ್ಪ ತಿಳಿಸ್ರಪ್ಪ.